ಮ್ಯೂರಿಯಲ್ ಸಮಾಧಿಯ ಸ್ನೋಡ್ರಾಪ್

ಆಂಬ್ರೋಸ್ ಟಿಡ್‌ಮಾರ್ಶ್ ಅವರ ಮಂಡಿ ನೆಟ್ಟಗಿದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಸ್ನೋಡ್ರಾಪ್ ನಾಚಿಕೆಯ ಹೂವು. ಹೊಸ ಸೊಸೆಯ ಹಾಗೆ ಸದಾ ತಲೆ ತಗ್ಗಿಸಿಕೊಂಡೇ ಇರುತ್ತದೆ. ಹೊರಗೆ ಮೂರು ಬಿಳಿ ಎಸಳು, ಒಳಗೆ ಮೂರು ಪುಟ್ಟ ಎಸಳು, ಒಳಗಿನದರ ಮೇಲೊಂದು ಹಸಿರು ಗುರುತು. ಆ ಗುರುತು ನೋಡಿಯೇ ಇದು ಯಾವ ಬಗೆಯದು ಎಂದು ಹೇಳಬೇಕು. ನೋಡಬೇಕಾದರೆ ಮನುಷ್ಯ ನೆಲಕ್ಕಿಳಿಯಬೇಕು. ಬೇರೆಯವರು ಮಂಡಿಯೂರುತ್ತಾರೆ. ಆಂಬ್ರೋಸ್ ಮಂಡಿಯೂರಿದರೆ ಮೇಲೇಳಲು ಊರಿನವರನ್ನು ಕರೆಯಬೇಕು. ಹಾಗಾಗಿ ಅವರು ನೇರವಾಗಿ ಬೋರಲು ಮಲಗಿಬಿಡುತ್ತಿದ್ದರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಹೂವಿನ ಗದ್ದವನ್ನು ಬೆರಳಲ್ಲಿ ಎತ್ತಿ, ಕಣ್ಣು ಕಿರಿದು ಮಾಡಿ ಒಳಗೆ ನೋಡುವಾಗ, ಸುಳ್ಳು ಟಿಕೆಟ್ಟಿನ ಪ್ರಯಾಣಿಕನನ್ನು ಹಿಡಿದಂತೆಯೇ ಕಾಣುತ್ತಿದ್ದರು.

ತಮ್ಮ ತೋಟದಲ್ಲಿ ಮಲಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಬೆಳಿಗ್ಗೆ ಮಲಗಿದ್ದು ನೆದರ್‌ಕೂಂಬ್ ಚರ್ಚಿನ ಹಿತ್ತಲಲ್ಲಿ, ಮಿಸ್ ಮ್ಯೂರಿಯಲ್ ಸ್ಟೋಬರ್ಟ್ ಅವರ ಸಮಾಧಿಯ ಮೇಲೆ.

ಅವರು ಹೊರಟದ್ದು ಹಾಲು ತರಲು. ಅಂಗಡಿಗೆ ಚರ್ಚಿನ ಹಿತ್ತಲಿನಿಂದ ಹೋದರೆ ಹತ್ತಿರ. ಮಾರ್ಚ್ ಮುಗಿಯುತ್ತ ಬಂದಿತ್ತು. ಊರಿನ ಸ್ನೋಡ್ರಾಪ್‌ಗಳೆಲ್ಲ ಒಣಗಿ, ಎಲೆಗಳು ಹಳದಿಯಾಗಿ, ಎಲ್ಲೆಲ್ಲೂ ಹಳದಿ ಡ್ಯಾಫಡಿಲ್ ಹೂಗಳ ದರ್ಬಾರು ನಡೆದಿತ್ತು. ಅಂಥದರಲ್ಲಿ ಮ್ಯೂರಿಯಲ್ ಅವರ ಕಲ್ಲಿನ ಬುಡದಲ್ಲಿ, ಕಳೆಯ ನಡುವೆ ಏನೋ ಬೆಳ್ಳಗೆ ಅಲುಗಿತು. ಚಾಕೊಲೇಟಿನ ಕಾಗದ ಇರಬೇಕು ಎಂದುಕೊಂಡು ಎತ್ತಿಹಾಕಲು ಹೋದರು. ಹೋದವರು ಹಾಲು ಮರೆತರು.

ಸ್ನೋಡ್ರಾಪ್. ಇಷ್ಟು ತಡವಾಗಿ, ಒಂದು ಗೊಂಚಲು, ಈಗಷ್ಟೇ ಅರಳಿದ್ದು. ಮಲಗಿ ಗದ್ದ ಎತ್ತಿ ನೋಡಿದರೆ ಒಳ ಎಸಳು ಪೂರ್ತಿ ಹಸಿರು, ಅಂಚಿನಲ್ಲಿ ಮಾತ್ರ ಬಿಳಿಯ ಕಸೂತಿಯಂಥ ಗೆರೆ. ಎಷ್ಟೋ ತೋಟ ಸುತ್ತಿದ್ದ ಆಂಬ್ರೋಸ್ ಅವರಿಗೆ ಇದು ಯಾವುದೆಂದು ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂಬುದೇ ಅವರ ಎದೆ ಹೊಡೆದುಕೊಳ್ಳಲು ಕಾರಣ. ಇದಕ್ಕೆ ಹೆಸರಿಲ್ಲ. ಮೊದಲು ಕಂಡವರು ಹೆಸರಿಡಬಹುದು.

ಸ್ನೋಡ್ರಾಪ್ ಹುಚ್ಚಿನವರು ಫೆಬ್ರವರಿಯಲ್ಲಿ ಒಟ್ಟಿಗೆ ಊಟಕ್ಕೆ ಸೇರುವ ಪದ್ಧತಿ ಇತ್ತು. ಒಬ್ಬೊಬ್ಬರೂ ತಮ್ಮ ತೋಟದ ಅಪರೂಪದ ಹೂವೊಂದನ್ನು ಪುಟ್ಟ ಸೀಸೆಯಲ್ಲಿ ತಂದು ಮೇಜಿನ ಮೇಲಿಡುತ್ತಿದ್ದರು. ಆಂಬ್ರೋಸ್ ತರುತ್ತಿದ್ದದ್ದು ಬೇಲಿಯ ಬುಡದಲ್ಲಿ ಬೆಳೆಯುವ ಮಾಮೂಲಿ ಹೂವು. ಎಲ್ಲರೂ ಅದನ್ನು ನೋಡಿ, 'ಚೆನ್ನಾಗಿದೆ' ಎಂದು ಮೆಲ್ಲಗೆ ಹೇಳಿ ಮುಂದೆ ಹೋಗುತ್ತಿದ್ದರು. ಪಕ್ಕದ ಮನೆಯ ಡೆಸ್ಮಂಡ್ ಪಾರ್ಗೆಟರ್ ಮಾತ್ರ ನಿಂತು, ಸಂತಾಪ ಸೂಚಿಸುವವರ ಹಾಗೆ ಆಂಬ್ರೋಸ್ ಅವರ ಹೆಗಲು ತಟ್ಟುತ್ತಿದ್ದರು. ಡೆಸ್ಮಂಡ್ ನಿವೃತ್ತ ದಂತವೈದ್ಯರು. ಯಾವ ಹೂವು ಕಂಡರೂ ಬಾಯಿ ತೆರೆಸಿ ನೋಡುವುದು ಅವರಿಗೂ ಅಭ್ಯಾಸ.

ಈ ಹೂವಿನ ಸುದ್ದಿ ಡೆಸ್ಮಂಡ್ ಕಿವಿಗೆ ಬಿದ್ದರೆ ಮುಗಿಯಿತು. ಸದ್ದಿಲ್ಲದೆ ಪಾದ್ರಿಗಳನ್ನು ಕೇಳಿ ಬುಡದಿಂದ ಒಂದೇ ಒಂದು ಗೆಡ್ಡೆ ತೆಗೆದು ತಮ್ಮ ತೋಟದಲ್ಲಿ ನೆಟ್ಟರೆ ಸಾಕು ಎಂದು ಆಂಬ್ರೋಸ್ ಲೆಕ್ಕ ಹಾಕುತ್ತಿರುವಾಗಲೇ ಹಿಂದಿನಿಂದ ದನಿ ಬಂತು.

"ಆಂಬ್ರೋಸ್, ಎದೆ ನೋವಾ?"

ಅಂಗಡಿಯ ಬೆರಿಲ್ ಹಾಬ್ಸ್. ಆ ಊರಿನಲ್ಲಿ ಪತ್ರಿಕೆ ಮಧ್ಯಾಹ್ನಕ್ಕೆ ಬರುತ್ತಿತ್ತು, ಬೆರಿಲ್ ಬೆಳಿಗ್ಗೆಯೇ ಬರುತ್ತಿದ್ದರು. ಆಂಬ್ರೋಸ್ ಗಾಬರಿಯಲ್ಲಿ ಟೋಪಿ ತೆಗೆದು ಹೂವಿನ ಮೇಲೆ ಮುಚ್ಚಿದರು. ಎದೆ ನೋವಿಲ್ಲ ಎಂದರು.

"ಮತ್ತೆ ಹೀಗ್ಯಾಕೆ ಬಿದ್ಕೊಂಡಿದೀರ, ಪಾಪ ಆ ಮ್ಯೂರಿಯಲ್ ಮೇಲೆ?"

ಆಂಬ್ರೋಸ್ ಟೋಪಿಯ ಮೇಲಿಂದ ಕೈ ತೆಗೆಯಲಿಲ್ಲ. "ಸುಮ್ನೆ. ಮ್ಯೂರಿಯಲ್ ನೆನಪಾದ್ರು" ಎಂದುಬಿಟ್ಟರು.

ಬೆರಿಲ್ ನೋಡಿದರು. ತೆಗೆದ ಟೋಪಿ, ಸಮಾಧಿಯ ಮೇಲೆ ಚಾಚಿದ ಕೈ, ಒದ್ದೆ ಕೆನ್ನೆ. ಕೆನ್ನೆ ಒದ್ದೆಯಾದದ್ದು ಹುಲ್ಲಿನ ಮೇಲಿನ ಇಬ್ಬನಿಯಿಂದ. ಆದರೆ ಇಬ್ಬನಿ ಅದನ್ನು ಬಂದು ಹೇಳುವುದಿಲ್ಲವಲ್ಲ. ಬೆರಿಲ್ ಅವರ ಮುಖ ಬೆಣ್ಣೆಯಂತೆ ಕರಗಿತು.

"ಎಷ್ಟು ವರ್ಷದಿಂದ, ಆಂಬ್ರೋಸ್?"

"ತುಂಬ ವರ್ಷದಿಂದ" ಎಂದರು ಆಂಬ್ರೋಸ್. ಟೋಪಿಯನ್ನು ಹೂವು ಬಾಗದಂತೆ ಹೇಗೆ ತೆಗೆಯುವುದು ಎಂಬುದಷ್ಟೇ ಅವರ ತಲೆಯಲ್ಲಿತ್ತು. ಬೆರಿಲ್ ಒಂದು ಮಾತೂ ಆಡದೆ ಅವರನ್ನು ಎಬ್ಬಿಸಿ, ಮನೆತನಕ ತೋಳು ಹಿಡಿದು ನಡೆಸಿಕೊಂಡು ಬಂದರು. ಬೆರಿಲ್ ಮಾತಾಡದಿರುವುದು ಅಪಾಯದ ಸೂಚನೆ ಎಂದು ಆಂಬ್ರೋಸ್ ಅವರಿಗೆ ಆಗಲೇ ತಿಳಿಯಬೇಕಿತ್ತು.

ಕೆಟಲಿನ ನೀರು ಕುದಿಯುವ ಮೊದಲೇ ಮನೆಗೆ ಜನ ಬರತೊಡಗಿದರು. ಒಬ್ಬರು ನಿಂಬೆ ಕೇಕು ತಂದರು, ಇನ್ನೊಬ್ಬರು ಸೂಪು ತಂದರು. ಆಂಬ್ರೋಸ್ ಜೊತೆ ಜೀವಮಾನದಲ್ಲಿ ಮಾತಾಡದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ತನ್ನ ಗಂಡನಿಗೆ ಇಂಥ ಮನಸ್ಸಿನಲ್ಲಿ ಕಾಲು ಭಾಗವೂ ಇಲ್ಲವೆಂದು ಅತ್ತು ಹೋದಳು. ಪಾದ್ರಿ ಜೂಲಿಯನ್ ಪ್ಯಾಂಟಿಗೆ ಸಿಕ್ಕಿಸಿದ ಸೈಕಲ್ ಕ್ಲಿಪ್ಪು ಬಿಚ್ಚದೆಯೇ ಒಳಗೆ ಬಂದು ಕೈ ಹಿಡಿದು ಕೂತರು. ಮ್ಯೂರಿಯಲ್ ಬದುಕಿದ್ದಾಗ ಆಂಬ್ರೋಸ್ ಪ್ರತಿ ವಸಂತದಲ್ಲೂ ಅವರ ಮನೆಗೆ ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು, ಊರೆಲ್ಲ ಅದು ಹೂವಿಗಾಗಿ ಎಂದೇ ತಿಳಿದಿತ್ತು, ತಾವೆಲ್ಲ ಎಂಥ ಕುರುಡರು ಎಂದರು.

ಅದು ಹೂವಿಗಾಗಿಯೇ ಆಗಿತ್ತು. ಆ ಸೀಮೆಯಲ್ಲಿ ಎಲ್ಲರಿಗಿಂತ ತಡವಾಗಿ ಸ್ನೋಡ್ರಾಪ್ ಅರಳುತ್ತಿದ್ದದ್ದು ಮ್ಯೂರಿಯಲ್ ಅವರ ತೋಟದಲ್ಲಿ. ಬೇರೆ ಕಡೆ ಎಲ್ಲ ಮುಗಿದ ಮೇಲೆ ಆಂಬ್ರೋಸ್ ಅಲ್ಲಿ ಹೋಗಿ ಮಲಗುತ್ತಿದ್ದರು. ಆಕೆ ಚಹಾ ಕೊಡುತ್ತಿದ್ದರು, ಗೆಡ್ಡೆ ಮಾತ್ರ ಎಂದೂ ಕೊಡಲಿಲ್ಲ. ಆಮೇಲೆ ಆಕೆ ತೀರಿಕೊಂಡರು. ಮನೆ ಕೊಂಡವರು ತೋಟಕ್ಕೆ ಕಲ್ಲು ಹಾಸಿ ಕಾರು ನಿಲ್ಲಿಸಿದರು. ಆಂಬ್ರೋಸ್ ಆ ಬೀದಿಗೆ ಹೋಗುವುದನ್ನೇ ಬಿಟ್ಟರು.

ನಿಜ ಹೇಳಲು ಬಾಯಿ ತೆರೆದರು. ಹೇಳಿದರೆ ಹೂವಿನ ಗುಟ್ಟೂ ಹೊರಬೀಳುತ್ತದೆ. ಬಾಯಿ ಮುಚ್ಚಿದರು. ಯಾಕೆ ಒಮ್ಮೆಯೂ ಆಕೆಗೆ ಹೇಳಲಿಲ್ಲ ಎಂದು ಪಾದ್ರಿಗಳು ಕೇಳಿದರು.

"ಧೈರ್ಯ ಬರ್ಲಿಲ್ಲ" ಎಂದರು ಆಂಬ್ರೋಸ್. ಅಡುಗೆಮನೆಯಲ್ಲಿ ಯಾರೋ ಬಿಕ್ಕಿದರು.

ಊಟದ ಹೊತ್ತು ಕಳೆದ ಮೇಲೆ ಬೆರಿಲ್ ಮತ್ತೆ ಬಂದರು. ಮುಖದಲ್ಲಿ ದೀಪಾಲಂಕಾರ. ಇಷ್ಟು ದೊಡ್ಡ ಪ್ರೀತಿಯ ಮೇಲೆ ಕಳೆ ಬೆಳೆದಿರುವುದನ್ನು ನೋಡಿ ತಮಗೆ ತಡೆಯಲಾಗಲಿಲ್ಲ ಎಂದರು. ಸಮಾಧಿಯನ್ನು ಪೂರ್ತಿ ಕೆರೆದು, ಮತ್ತೆ ಕಳೆ ಬರದಂತೆ ಬಟ್ಟೆ ಹಾಸಿ, ಬಿಳಿ ಜಲ್ಲಿ ಸುರಿಯುವ ಏರ್ಪಾಡಾಗಿದೆ. ಮ್ಯೂರಿಯಲ್ ಅವರ ತಂಗಿ ಥೆಲ್ಮಾಗೆ ಫೋನ್ ಮಾಡಿಯಾಗಿದೆ, ಆಕೆಯೂ ಒಪ್ಪಿ ಮಧ್ಯಾಹ್ನದ ಬಸ್ಸಿಗೆ ಬಂದಾಗಿದೆ. ಒಳ್ಳೆಯ ಗುದ್ದಲಿ ಇರುವುದು ಡೆಸ್ಮಂಡ್ ಹತ್ತಿರ, ಅವರನ್ನೇ ಕಳಿಸಿಯಾಗಿದೆ.

ಆಂಬ್ರೋಸ್ ಎದ್ದ ರಭಸಕ್ಕೆ ನಿಂಬೆ ಕೇಕು ಪಾದ್ರಿಗಳ ತೊಡೆಗೆ ಬಿತ್ತು.

ಮನೆಯಿಂದ ಚರ್ಚಿಗೆ ಹೆಚ್ಚು ದೂರವಿಲ್ಲ. ಆದರೆ ಆ ದಿನ ಆ ದಾರಿ ಮುಗಿಯಲೇ ಇಲ್ಲ. ಕೆಟ್ಟ ಮಂಡಿಯಲ್ಲಿ ಕುಪ್ಪಳಿಸುತ್ತ ಓಡುವ ಮುದುಕನನ್ನು ಕಂಡು, ದುಃಖ ತಡೆಯಲಾರದೆ ಸಮಾಧಿಗೆ ಓಡುತ್ತಿದ್ದಾನೆ ಎಂದು ಪ್ರತಿ ಗೇಟಿನವರೂ ಹೊರಬಂದು ತಬ್ಬಿಕೊಂಡರು. ಬಿಡಿಸಿಕೊಂಡಷ್ಟೂ ಗಟ್ಟಿಯಾಗಿ ತಬ್ಬಿದರು. ಪಬ್ಬಿನ ಮಾಲೀಕ ಬಾಗಿಲಲ್ಲೇ ತಡೆದು ಬ್ರಾಂದಿ ಕುಡಿಸಿಯೇ ಕಳಿಸಿದ.

ಅವರು ತಲುಪಿದಾಗ ಸಮಾಧಿ ಹೊಸ ಸ್ನಾನದ ಮನೆಯಂತೆ ಫಳಫಳ ಹೊಳೆಯುತ್ತಿತ್ತು. ಬಿಳಿ ಜಲ್ಲಿ, ನಡುವೆ ಒಂದು ಕುಂಡದಲ್ಲಿ ಹಳದಿ ಪ್ರಿಮ್‌ರೋಸ್. ಹುಲ್ಲಿನ ಎಳೆಯೂ ಇರಲಿಲ್ಲ. ಆಂಬ್ರೋಸ್ ಗೋಡೆಯಾಚೆಯ ಕಸದ ಗುಡ್ಡೆಗೆ ಹೋಗಿ ಎರಡೂ ಕೈ ಹಾಕಿ ಕೆದಕಿದರು. ಡ್ಯಾಂಡೆಲಿಯನ್ ಕಳೆ ಸಿಕ್ಕಿತು, ಐವಿ ಬಳ್ಳಿ ಸಿಕ್ಕಿತು, ಹೂವು ಸಿಗಲಿಲ್ಲ.

ತಿರುಗಿ ನೋಡಿದರೆ ಬೆಂಚಿನ ಮೇಲೆ ಕಪ್ಪು ಕೋಟಿನ ಮುದುಕಿಯೊಬ್ಬರು ಕೂತು ಅವರನ್ನೇ ನೋಡುತ್ತಿದ್ದರು. ಥೆಲ್ಮಾ.

ಆಂಬ್ರೋಸ್ ಕೈಯ ಮಣ್ಣು ಕೋಟಿಗೆ ಒರೆಸಿಕೊಂಡು ಹತ್ತಿರ ಹೋದರು. ಹೂವಂತೂ ಹೋಯಿತು. ಇನ್ನು ಸತ್ತವರ ಹೆಸರಿನಲ್ಲಿ ಸುಳ್ಳು ಉಳಿಸಿಕೊಳ್ಳುವುದು ಬೇಡ, ಈಕೆಗಾದರೂ ನಿಜ ಹೇಳಿ ಕ್ಷಮೆ ಕೇಳಬೇಕು ಎಂದು ನಿರ್ಧರಿಸಿದರು. "ಮಿಸ್ ಸ್ಟೋಬರ್ಟ್, ನಾನು ನಿಮ್ಗೊಂದು ಮಾತು ಹೇಳ್ಬೇಕು" ಎಂದು ಶುರು ಮಾಡಿದರು.

"ಕೂತ್ಕೊಳ್ಳಿ. ಮೊದಲು ನಾನು ಹೇಳ್ತೀನಿ" ಎಂದರು ಥೆಲ್ಮಾ. "ನಿಮ್ಗೆ ಅವಳು ಗೆಡ್ಡೆ ಯಾಕೆ ಕೊಡ್ಲಿಲ್ಲ ಗೊತ್ತಾ?"

ಗೊತ್ತಿಲ್ಲ ಎಂದರು ಆಂಬ್ರೋಸ್.

"ಅವಳು ಎಲ್ಲ ಗಮನಿಸ್ತಿದ್ಳು. ಯಾರಾದ್ರೂ ನಿಮ್ಗೆ ಗೆಡ್ಡೆ ಕೊಟ್ರೆ, ಮಾರನೇ ವರ್ಷದಿಂದ ನೀವು ಅವ್ರ ಮನೆಗೆ ಹೋಗ್ತಿರ್ಲಿಲ್ಲ. ಕೊಟ್ರೆ ಆಯ್ತು ಥೆಲ್ಮಾ, ಮತ್ತೆ ಬರಲ್ಲ ಅಂತಿದ್ಳು. ಅದಕ್ಕೇ ಇನ್ನೂ ತಡವಾಗಿ ಹೂ ಬಿಡೋ ಜಾತಿ ತರಿಸ್ತಿದ್ಳು. ಬೇರೆಯವರದ್ದೆಲ್ಲ ಮುಗಿದ್ಮೇಲಾದ್ರೂ ನೀವು ಬರ್ಬೇಕಲ್ಲ."

ಆಂಬ್ರೋಸ್ ಕೂತುಬಿಟ್ಟರು. ಅಂಥವರು ಯಾರಿದ್ದರು ಎಂದು ನೆನೆದರೆ ಒಬ್ಬೊಬ್ಬರಾಗಿ ನೆನಪಾದರು. ಹೌದು, ಗೆಡ್ಡೆ ಕೈಗೆ ಬಂದ ಮೇಲೆ ಅವರಾರ ಗೇಟನ್ನೂ ಮತ್ತೆ ತೆರೆದಿರಲಿಲ್ಲ. ಆ ಗೆಡ್ಡೆಗಳೂ ತಮ್ಮ ತೋಟದ ಜೇಡಿಮಣ್ಣಿನಲ್ಲಿ ಕೊಳೆತು ಹೋಗಿದ್ದವು.

ಮ್ಯೂರಿಯಲ್ ಅವರ ತೋಟ ಕಣ್ಣ ಮುಂದೆ ಬಂತು. ಯಾವ ಮೂಲೆಯಲ್ಲಿ ಯಾವ ಹೂವು, ಯಾವುದರ ಗುರುತು ಹೃದಯದಂತೆ, ಯಾವುದರದು ಕುದುರೆ ಲಾಳದಂತೆ, ಎಲ್ಲ ನೆನಪಿತ್ತು. ಚಹಾದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದವರ ಮುಖ ನೆನಪಿಸಿಕೊಳ್ಳಲು ನೋಡಿದರು. ಬೂಟು ನೆನಪಾಯಿತು. ಮಲಗಿದವರಿಗೆ ಕಾಣುವುದು ಅಷ್ಟೇ. ಹಸಿರು ರಬ್ಬರ್ ಬೂಟು, ಒಂದರ ತುದಿಗೆ ತೇಪೆ. ಅದಕ್ಕಿಂತ ಮೇಲೆ ಅವರು ಎಂದೂ ನೋಡಿರಲೇ ಇಲ್ಲ.

"ಇಲ್ಲಿದ್ದ ಹೂವನ್ನ ಅವಳೇ ಬೀಜದಿಂದ ಬೆಳೆಸಿದ್ದು" ಎಂದರು ಥೆಲ್ಮಾ, ಜಲ್ಲಿಯ ಕಡೆ ತೋರಿಸಿ. "ಹೂ ನೋಡೋಕೆ ಅವಳು ಉಳೀಲಿಲ್ಲ. ನಾನಿಲ್ಲಿ ತಂದು ನೆಟ್ಟೆ. ತೀರ್ಕೊಳ್ಳೋ ಮುಂಚೆ ಒಂದು ಮಾತು ಹೇಳಿದ್ಳು. ಆಂಬ್ರೋಸ್ ಹೂವಿಗೆ ಅಂತ ಬಂದ್ರೆ ಎಲ್ಲ ಕಿತ್ತು ಕೊಟ್ಬಿಡು, ಪಾಪ, ಆಸೆಪಟ್ಟವರು. ನನಗೆ ಅಂತ ಬಂದ್ರೆ ಮಾತ್ರ ಕೊಡ್ಬೇಡ. ಆಗ ಅವ್ರಿಗೆ ಹೂವು ಬೇಕಾಗಿರಲ್ಲ, ಅಂತ."

ಆಂಬ್ರೋಸ್ ತಲೆ ಎತ್ತಿದರು.

"ಬೆರಿಲ್ ಫೋನಲ್ಲಿ ಹೇಳಿದಾಗ ನಂಬಕ್ಕಾಗ್ಲಿಲ್ಲ. ನಿಮ್ಮ ಬಾಯಿಂದ್ಲೇ ಕೇಳ್ಬೇಕು. ನೀವಿಲ್ಲಿ ಬೆಳಿಗ್ಗೆ ಬಂದದ್ದು ಹೂವಿಗೋ, ಅವಳಿಗೋ?"

ಹೂವು ಎಲ್ಲೋ ಇದೆ, ಈಕೆಯ ಚೀಲದಲ್ಲೇ ಇರಬಹುದು ಎಂದು ಆಂಬ್ರೋಸ್ ಅವರಿಗೆ ಹೊಳೆಯಿತು. ಒಂದು ಸಣ್ಣ ಮಾತು, ಅದೂ ನಿಜವಾದದ್ದು, ಹೇಳಿದರೆ ಸಾಕಿತ್ತು. ಥೆಲ್ಮಾ ಕೈಚೀಲವನ್ನು ಅವುಚಿ ಹಿಡಿದು ಕಾಯುತ್ತಿದ್ದರು. ಕಣ್ಣು ಕೆಂಪಾಗಿತ್ತು. ಅಕ್ಕನ ಕಣ್ಣೂ ಹೀಗೇ ಇದ್ದಿರಬಹುದು ಎನಿಸಿತು ಆಂಬ್ರೋಸ್ ಅವರಿಗೆ.

"ಅವರಿಗೆ" ಎಂದರು.

ಥೆಲ್ಮಾ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. ಅಬ್ಬ, ಈಗ ಮನಸ್ಸು ಹಗುರಾಯಿತು ಎಂದರು. ಅಷ್ಟು ಹೊತ್ತೂ ಅವರಿಗೆ ಒಂದು ಅಳುಕಿತ್ತಂತೆ. ಏಕೆಂದರೆ ಗುದ್ದಲಿ ಹಿಡಿದು ಬಂದ ಆ ಡೆಸ್ಮಂಡ್ ಒಳ್ಳೆಯ ಮನುಷ್ಯ, ಹೂವು ಕಂಡದ್ದೇ ನೆಲಕ್ಕೆ ಕೂತು, ತನಗೆ ಮ್ಯೂರಿಯಲ್ ಪರಿಚಯ ಅಷ್ಟಕ್ಕಷ್ಟೆ, ಹೂವು ಮಾತ್ರ ಬೇಕು ಎಂದು ಮುಚ್ಚುಮರೆಯಿಲ್ಲದೆ ಕೇಳಿದರಂತೆ. ಥೆಲ್ಮಾ ಇಡೀ ಗೊಂಚಲನ್ನು ಮಣ್ಣಿನ ಸಮೇತ ಎತ್ತಿ ಡೆಸ್ಮಂಡ್‌ಗೇ ಕೊಟ್ಟುಬಿಟ್ಟಿದ್ದರು. ತಪ್ಪಾಯಿತೇ ಎಂದು ಕೇಳಿದರು.

ಇಲ್ಲ, ಸರಿಯಾಗಿಯೇ ಮಾಡಿದಿರಿ ಎಂದರು ಆಂಬ್ರೋಸ್. ಆಕೆಯನ್ನು ಬಸ್ಸಿಗೆ ಹತ್ತಿಸಿ ಬಂದರು.

ಮನೆ ಸೇರುವಾಗ ಬೇಲಿಯಾಚೆ ಡೆಸ್ಮಂಡ್ ನಿಂತಿದ್ದರು. ಇವರನ್ನು ಕಂಡೊಡನೆ ಕೈಯಲ್ಲಿದ್ದ ಕುಂಡವನ್ನು ಗಡಿಬಿಡಿಯಿಂದ ಬೆನ್ನ ಹಿಂದೆ ಮರೆಮಾಡಿದರು. ಮುಖದಲ್ಲಿ ನಿಜವಾದ ಮರುಕವಿತ್ತು.

"ತಪ್ಪು ತಿಳ್ಕೋಬೇಡಿ ಆಂಬ್ರೋಸ್" ಎಂದರು ಡೆಸ್ಮಂಡ್. "ನಿಮ್ಗೆ ತೋರಿಸ್ತಿದ್ದೆ. ಆದ್ರೆ ಇದು ಮ್ಯೂರಿಯಲ್ ಮೇಲೆ ಬೆಳೆದದ್ದು. ನೋಡಿದ್ರೆ ನಿಮ್ಗೆ ಸಂಕಟ ಆಗುತ್ತೆ. ಇನ್ಮೇಲೆ ಪ್ರತಿ ವರ್ಷ ಮಾರ್ಚ್ ತಿಂಗಳು ಪೂರ್ತಿ ಈ ಬೇಲಿಗೆ ಒಂದು ಮರೆ ಕಟ್ಟಿಸ್ತೀನಿ, ನಿಮ್ಮ ಕಣ್ಣಿಗೆ ಬೀಳದ ಹಾಗೆ."

ಆಂಬ್ರೋಸ್ ಧನ್ಯವಾದ ಹೇಳಿ ಒಳಗೆ ಹೋದರು.