ಷಣ್ಮುಖಪ್ಪನವರ ಕೈ ಯಾವ ಪದ್ಧತಿಯದು

ಸರ್ಕಾರಿ ನೌಕರನ ಕೈ, ನಮೂನೆ ಸರಿಯಾಗಿ ಭರ್ತಿಯಾಗುವವರೆಗೆ ಮುರಿದಿರುವುದಿಲ್ಲ. ಶಿವಮೊಗ್ಗದ ನಮ್ಮ ಕಚೇರಿಯಲ್ಲಿ ಇದರ ಬಗ್ಗೆ ಎಂದೂ ಭಿನ್ನಾಭಿಪ್ರಾಯ ಬಂದಿಲ್ಲ.

ದಿನಾ ಭದ್ರಾವತಿಯಿಂದ ಬರುವ ಗುಮಾಸ್ತ ಷಣ್ಮುಖಪ್ಪನವರು ಬಸ್ಸಿಳಿಯುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಆರು ವಾರದ ಪ್ಲಾಸ್ಟರ್ ಹಾಕಿದರು. ರಜೆ ಅರ್ಜಿಯಲ್ಲಿ, ‘ಚಿಕಿತ್ಸೆ: ಸಾಂಪ್ರದಾಯಿಕ / ಪರ್ಯಾಯ. ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂದಿತ್ತು. ಅವರು ಎಡಗೈಯಲ್ಲಿ ಕಷ್ಟಪಟ್ಟು ‘ಸಾಂಪ್ರದಾಯಿಕ’ವನ್ನು ಹೊಡೆದುಹಾಕಿದರು.

ಸೂಪರಿಂಟೆಂಡೆಂಟ್ ಬಸವರಾಜೇಶ್ವರಿ ಅರ್ಜಿ ವಾಪಸ್ ಕೊಟ್ಟರು. “ಏನ್ರೀ ಇದು? ಆಸ್ಪತ್ರೆ ಅಂದ್ರೆ ಸಾಂಪ್ರದಾಯಿಕ. ಇಂಗ್ಲಿಷ್ ನಮೂನೇಲಿ ಕನ್ವೆನ್ಷನಲ್ ಅಂತಿದೆ.”

“ಸಂಪ್ರದಾಯ ಅಂದ್ರೆ ಹಿಂದಿನಿಂದ ಬಂದಿದ್ದಲ್ವಾ ಮೇಡಂ? ನಮ್ಮ ಮನೇಲಿ ಮೂರು ತಲೆಮಾರಿನ ಮೂಳೆ ಎಲ್ಲಾ ಹೊಳೆಹೊನ್ನೂರಿನ ನಾಟಿ ವೈದ್ಯರೇ ಕಟ್ಟಿದ್ದು. ಎಕ್ಸ್‌ರೇ ತೆಗೆಸಿದ್ದು ನಾನೇ ಮೊದಲು.”

“ಹಾಗಾದ್ರೆ ಅಲೋಪಥಿ ಅಂತ ಬರೀರಿ.”

“ಆ ಕಾಲಂ ಇಲ್ಲ ಮೇಡಂ.”

ಯಾವ ಪದಕ್ಕೆ ಯಾವ ಅರ್ಥವೆಂದು ತೀರ್ಮಾನಿಸಲು ಬಸವರಾಜೇಶ್ವರಿಯವರ ಅಧ್ಯಕ್ಷತೆಯಲ್ಲಿ ಪದಾರ್ಥ ನಿರ್ಣಯ ಸಮಿತಿ ರಚನೆಯಾಯಿತು. ಮೊದಲ ಸಭೆಯಲ್ಲೇ ಪ್ಲಾಸ್ಟರನ್ನು ‘ಮೂಲ ದಾಖಲೆ’ ಎಂದು ಘೋಷಿಸಿ, ಅದರ ಮೇಲೆ ಕಚೇರಿಯ ಮೊಹರು ಒತ್ತಿ, ತೀರ್ಮಾನವಾಗುವವರೆಗೆ ತೆಗೆಯತಕ್ಕದ್ದಲ್ಲ ಎಂದು ಆದೇಶಿಸಲಾಯಿತು.

ಐದು ತಿಂಗಳಾಯಿತು. ಒಳಗೆಲ್ಲ ವಿಪರೀತ ತುರಿಕೆ. ಷಣ್ಮುಖಪ್ಪನವರು ಪೊರಕೆ ಕಡ್ಡಿ ತೂರಿಸಿ ಕೆರೆದುಕೊಂಡಾಗ, ಅದು ಪ್ರತ್ಯೇಕ ಚಿಕಿತ್ಸೆಯಾಗುವುದರಿಂದ ಪ್ರತ್ಯೇಕ ಅರ್ಜಿ ಸಲ್ಲಿಸಲು ಸೂಚಿಸಲಾಯಿತು.

ಮಗನ ಪಾಡು ನೋಡಲಾರದೆ ತಾಯಿ ಲಿಂಗಮ್ಮ ನೇರ ಸಮಿತಿಯ ಮುಂದೆ ಬಂದು ನಿಂತರು. “ವ್ಯತ್ಯಾಸ ಏನಿದೆ ಮಾರಾಯ್ತಿ? ನಾಟಿ ವೈದ್ಯರೂ ಮೂರು ಗಂಟೆ ಕಾಯಿಸ್ತಾರೆ, ಆಸ್ಪತ್ರೇಲೂ ಮೂರು ಗಂಟೆ ಕಾಯಿಸ್ತಾರೆ. ನನ್ನ ಮಗನ ಕೈ ಬಿಡಿ!”

ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂದೇ ಸುತ್ತೋಲೆ ಹೊರಟಿತು: ‘ರೋಗಿಯನ್ನು ಮೂರು ಗಂಟೆಗೆ ಕಡಿಮೆಯಿಲ್ಲದಂತೆ ಕಾಯಿಸುವ ಪದ್ಧತಿಯೇ ಸಾಂಪ್ರದಾಯಿಕ. ಬಂದ ಕೂಡಲೇ ನೋಡುವುದು ಪರ್ಯಾಯ.’

ಷಣ್ಮುಖಪ್ಪನವರು ಅರ್ಜಿ ತಿದ್ದಿದರು, ರಜೆ ಮಂಜೂರಾಯಿತು, ಪ್ಲಾಸ್ಟರ್ ಒಡೆದರು. ಮೂಳೆ ಸೊಗಸಾಗಿ ಕೂಡಿಕೊಂಡಿತ್ತು. ಅವರನ್ನು ಎಲ್ಲರಿಗಿಂತ ಹೆಚ್ಚು ಕಾಯಿಸಿದ್ದು ಸಮಿತಿಯೇ ಆದ್ದರಿಂದ, ಗುಣಪಡಿಸಿದ್ದೂ ಸಮಿತಿಯೇ ಎಂದು ಕಡತದಲ್ಲಿ ದಾಖಲಾಯಿತು.

ಸುದ್ದಿ ಹರಡಿತು. ಈಗ ಪ್ರತಿ ಸೋಮವಾರ ಮಂಡಿನೋವು, ಕೆಮ್ಮು, ತಲೆಸುತ್ತಿನವರು ನಮ್ಮ ಕಚೇರಿಯ ಬೆಂಚುಗಳ ಮೇಲೆ ಬಂದು ಕೂರುತ್ತಾರೆ. ಕಳೆದ ವಾರ ಹೊಸಮನೆಯ ಶಾಂತಮ್ಮನವರನ್ನು ಅಚಾತುರ್ಯದಿಂದ ಬಂದ ಕೂಡಲೇ ಒಳಗೆ ಕರೆಯಲಾಯಿತು.

“ನನಗೆ ಪರ್ಯಾಯ ಗಿರ್ಯಾಯ ಬೇಡಮ್ಮ,” ಎಂದು ಅವರು ರೇಗಿದರು. “ಎಲ್ಲರನ್ನೂ ಕಾಯಿಸಿದ ಹಾಗೆ ನನ್ನನ್ನೂ ಕಾಯಿಸಿ.”

ಬಸವರಾಜೇಶ್ವರಿ ಕ್ಷಮೆ ಕೇಳಿ, ಅವರನ್ನು ಕೈಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿ, ಊಟಕ್ಕೆ ಹೋದರು.