ಗಾಜಿಗೆ ಅಂಟಿಕೊಂಡಿರುವ ಜಿಪಿಎಸ್‌ನವರಿಗೆ, ನಮ್ಮ ಭಾವನ ವಿಷಯವಾಗಿ

ಮಾನ್ಯರೇ,

ತಮ್ಮ ಉಪಗ್ರಹಗಳೆಲ್ಲ ಆಕಾಶದಲ್ಲಿ ಕ್ಷೇಮವಾಗಿ ಸುತ್ತುತ್ತಿವೆಯೆಂದು ನಂಬಿದ್ದೇನೆ. ಇತ್ತ ನೆಲದ ಮೇಲೆ ನಾವೂ ಕೈಲಾದಷ್ಟು ಸುತ್ತುತ್ತಿದ್ದೇವೆ. ಒಂದು ವರ್ಷ ಎರಡು ತಿಂಗಳಿಂದ ನನ್ನ ವ್ಯಾನಿನ ಮುಂದಿನ ಗಾಜಿಗೆ ರಬ್ಬರ್ ಬಟ್ಟಲಿನ ಬಲದಿಂದ ಅಂಟಿಕೊಂಡು, ಸಿಗರೇಟ್ ಹಚ್ಚಲೆಂದು ಕೊಟ್ಟಿದ್ದ ತೂತಿನಿಂದ ಕರೆಂಟು ಕುಡಿಯುತ್ತ, ಅಂಗೈಯಗಲದ ಮುಖದಲ್ಲಿ ಇಡೀ ಊರನ್ನು ತೋರಿಸುತ್ತಿರುವ ತಮಗೆ ನಾನು ಈವರೆಗೆ ಎದುರಾಡಿದವನಲ್ಲ. ಈಗಲೂ ಆ ಉದ್ದೇಶವಿಲ್ಲ. ಆದರೆ ತಮಗೆ ಹೇಳುವ ಅಭ್ಯಾಸ ಮಾತ್ರ ಇದ್ದು ಕೇಳುವ ಅಭ್ಯಾಸ ಇಲ್ಲದ ಕಾರಣ, ನಾಲ್ಕು ಜನರಾದರೂ ಕೇಳಲೆಂದು ಈ ದೂರನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಮನ್ನಿಸಬೇಕು, ಅಥವಾ ತಮ್ಮ ವಾಡಿಕೆಯಂತೆ ವಾಪಸ್ ತಿರುಗಲು ಸೂಚಿಸಬೇಕು.

ನಾನು ಹೊಲಿಗೆ ಮಷಿನ್ ರಿಪೇರಿ ಮಾಡುವವನು. ಟೈಲರ್ ಅಂಗಡಿ, ಬಟ್ಟೆ ಕಾರ್ಖಾನೆ, ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಹೊಲಿಯುವ ಕೋಣೆ, ಹೀಗೆ ಮಷಿನ್ ಎಲ್ಲಿ ಕೆಟ್ಟರೆ ಅಲ್ಲಿಗೆ ಹೋಗುವುದು ನನ್ನ ಕೆಲಸ. ಕಣ್ಣು ಕಟ್ಟಿ ಕೂರಿಸಿದರೂ ಶಟಲ್ ಬಿಚ್ಚಿ ಜೋಡಿಸಬಲ್ಲೆ. ಆದರೆ ಹಾಡಹಗಲಿನಲ್ಲಿ ಎರಡು ತಿರುವು ದಾಟಿದೆನೆಂದರೆ ನನ್ನ ಮನೆ ಯಾವ ದಿಕ್ಕಿಗಿದೆಯೆಂದು ಹೇಳಲಾರೆ. ಈ ಕೊರತೆ ಆರು ವರ್ಷ ಯಾವ ಗಿರಾಕಿಗೂ ತಿಳಿಯಲಿಲ್ಲ, ಯಾಕೆಂದರೆ ಪಕ್ಕದ ಸೀಟಿನಲ್ಲಿ ಭಾವ ಕೂರುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮರುದಿನ ಬೆಳಿಗ್ಗೆಯೇ ಇಸ್ತ್ರಿ ಶರ್ಟು ತೊಟ್ಟು ನನ್ನ ವ್ಯಾನಿನ ಬಳಿ ಬಂದು, "ಮನೇಲಿ ಕೂತ್ರೆ ಕಾಲು ಹಿಡ್ಕೊಳ್ಳುತ್ತೆ, ನಡಿ," ಎಂದು ಹತ್ತಿ ಕೂತರು. ಅಂದಿನಿಂದ ದಾರಿಯ ಯೋಚನೆ ನನಗಿರಲಿಲ್ಲ. ಕಿಟಕಿಯಿಂದ ಕೈ ಹೊರಹಾಕಿ ಬಾಗಿಲನ್ನು ಎರಡು ಸಲ ತಟ್ಟಿದರೆ ಹೋಗಬೇಕು, ಒಂದು ಸಲ ತಟ್ಟಿದರೆ ನಿಲ್ಲಬೇಕು. ಇಷ್ಟರಲ್ಲೇ ನಮ್ಮ ವ್ಯವಹಾರ ಸುಸೂತ್ರವಾಗಿ ನಡೆದಿತ್ತು.

ಹೋದ ವರ್ಷದ ಮೊದಲಲ್ಲಿ ಭಾವನ ದಾರಿಗಳು ಒಂದೊಂದಾಗಿ ಕೈಬಿಡತೊಡಗಿದವು. ಮೊದಲು ನೆನಪಿನಿಂದ ಹೊಸ ಫ್ಲೈಓವರ್ ಹೋಯಿತು. ಆಮೇಲೆ ಮಾರುಕಟ್ಟೆ ಹಿಂದಿನ ಒಳರಸ್ತೆ. ಒಂದು ಮಧ್ಯಾಹ್ನ ಅವರದೇ ಮನೆಯ ಗೇಟಿನ ಮುಂದೆ ನಾನು ವ್ಯಾನು ನಿಧಾನ ಮಾಡಿದಾಗ, "ಇಲ್ಲಿ ಇಳಿಯೋರು ಯಾರೂ ಇಲ್ಲ, ಹೋಗು," ಎಂದು ಎರಡು ಸಲ ತಟ್ಟಿದರು. ಗೇಟಿನಲ್ಲಿ ಅಕ್ಕ ನಿಂತಿದ್ದಳು.

ಮರುದಿನ ಅಕ್ಕ ನನ್ನ ಅಂಗಡಿಗೆ ಬಂದಳು. ಎಣ್ಣೆ ಹಿಡಿದ ಸ್ಟೂಲಿನ ಮೇಲೆ ಹಳೇ ಪೇಪರ್ ಹಾಸಿಕೊಂಡು ಕೂತು, ನಾನು ಬಾಬಿನ್ ಕೇಸೊಂದನ್ನು ಉಜ್ಜಿ ಮುಗಿಸುವವರೆಗೆ ಕಾದು, ಆಮೇಲೆ ಹೇಳಿದಳು. "ಅವರನ್ನ ಕರ್ಕೊಂಡು ಹೋಗೋದು ಬಿಡಬೇಡ ಕಣೋ. ಆದ್ರೆ ಅವರು ಹೇಳಿದ ಕಡೆ ಹೋಗ್ಬೇಡ." ಈ ಎರಡೂ ಅಪ್ಪಣೆಗಳನ್ನು ಒಟ್ಟಿಗೆ ಪಾಲಿಸುವ ಉಪಾಯ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ತಾವು.

ತಮ್ಮ ಗುಣಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ತಾವು ದನಿ ಎತ್ತುವುದಿಲ್ಲ, ಹಸಿವೆ ಎನ್ನುವುದಿಲ್ಲ, ಪರಿಚಯದವರು ಕಂಡರೆಂದು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸುವುದಿಲ್ಲ. ಹೇಳಿದ್ದನ್ನೇ ಹದಿನೇಳು ಸಲ ಅದೇ ಸೌಜನ್ಯದಿಂದ ಹೇಳಬಲ್ಲಿರಿ. ಹದಿನೇಳು ಎಂಬುದು ಅಂದಾಜಿನ ಮಾತಲ್ಲ. ನಾವು ಮೂವರೂ ಒಟ್ಟಿಗೆ ಹೊರಟ ಮೊದಲ ಬೆಳಿಗ್ಗೆ, ಭಾವ ಬಲಕ್ಕೆ ಕೈ ತೋರಿಸಿದಾಗಲೆಲ್ಲ ತಾವು ಎಡಕ್ಕೆ ಎಂದು, ನೇರ ಎಂದಾಗಲೆಲ್ಲ "ಸಾಧ್ಯವಾದಾಗ ವಾಪಸ್ ತಿರುಗಿ" ಎಂದು, ಊಟದ ಹೊತ್ತಿನೊಳಗೆ ಹದಿನೇಳು ಬಾರಿ ಅವರನ್ನು ತಿದ್ದಿದಿರಿ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಮೇಲಧಿಕಾರಿಗಳು ಅವರನ್ನು ತಿದ್ದಿದ್ದು ಎರಡೇ ಸಲ, ಅದರಲ್ಲೊಂದು ಶರ್ಟಿನ ಗುಂಡಿಯ ವಿಷಯಕ್ಕೆ.

ಭಾವ ಮೊದಲು ತಮ್ಮನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರಮ್ಮನಂತೆ ಕಂಡರು. "ಹೊಸಬಳು ಪಾಪ, ಕಲ್ತ್ಕೋತಾಳೆ," ಎಂದರು. ಮೂರನೆಯ ವಾರ, "ಇವಳು ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ," ಎಂದರು. ನಾಲ್ಕನೆಯ ವಾರ ಏನೂ ಅನ್ನದೆ ಹಿಂಬಾಗಿಲು ತೆಗೆದು, ಬಿಚ್ಚಿಟ್ಟ ಮಷಿನ್‌ಗಳು ಮತ್ತು ಎಣ್ಣೆ ಡಬ್ಬಗಳ ನಡುವೆ ಮಡಿಸುವ ಸ್ಟೂಲು ಹಾಕಿಕೊಂಡು ಕೂತರು. ಯಾಕೆ ಭಾವ ಎಂದು ಕೇಳಿದ್ದಕ್ಕೆ, "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದರು. ನನ್ನ ವ್ಯಾನಿನ ಹಿಂಭಾಗಕ್ಕೆ ಕಿಟಕಿಗಳಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಅಂದು ಸಂಜೆಯೇ ನಾನು ತಮಗೊಂದು ಅಪಚಾರ ಎಸಗಿದೆ. ತಮ್ಮ ದನಿ ನನ್ನ ಒಂದು ಕಿವಿಗೆ ಮಾತ್ರ ಕೇಳುವಂತೆ ತಂತಿ ಸಿಕ್ಕಿಸಿಕೊಂಡು, ತಮ್ಮ ಮುಖದ ಮೇಲೆ ಒರೆಸುವ ಬಟ್ಟೆ ಹೊದಿಸಿ, ಜಿಪಿಎಸ್ ಕೆಟ್ಟುಹೋಯಿತೆಂದೂ ತಂತಿಯು ಕಿವಿನೋವಿಗೆ ವೈದ್ಯರು ಕೊಟ್ಟದ್ದೆಂದೂ ಭಾವನಿಗೆ ಹೇಳಿದೆ. ಅವರು ಒಂದಿಷ್ಟೂ ಹಿಗ್ಗು ತೋರಿಸದೆ "ಅಯ್ಯೋ ಪಾಪ" ಎಂದು, ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಅಲ್ಲಿಂದಾಚೆ ಅವರು ದಾರಿ ತೋರಿಸುವುದು, ತಾವು ನನ್ನ ಕಿವಿಯಲ್ಲಿ ಬೇರೆ ದಾರಿ ಊದುವುದು, ನಾನು "ಆ ಕಡೆ ರಸ್ತೆ ಅಗೆದಿದ್ದಾರಂತೆ ಭಾವ" ಎಂದು ತಾವು ಹೇಳಿದತ್ತ ತಿರುಗುವುದು ನಡೆಯಿತು. ಹೀಗೆ ಎರಡು ತಿಂಗಳಲ್ಲಿ ನಾನು ಊರಿನ ಅರವತ್ತಕ್ಕೂ ಹೆಚ್ಚು ರಸ್ತೆಗಳನ್ನು ಬಾಯಿಮಾತಿನಲ್ಲೇ ಅಗೆದುಹಾಕಿದೆ. ಭಾವ ಇದನ್ನು ಸಹಿಸದೆ, ಅಗೆದ ರಸ್ತೆಗಳ ಪಟ್ಟಿ ಮಾಡಿ ಮುನ್ಸಿಪಾಲಿಟಿಗೆ ದೂರು ಬರೆದರು. ಮೂರು ವಾರಕ್ಕೆ ಮೊಹರು ಹಾಕಿದ ಉತ್ತರ ಬಂತು. ಕಾಮಗಾರಿಯಿಂದ ಸಾರ್ವಜನಿಕರಿಗಾದ ತೊಂದರೆಗೆ ವಿಷಾದಿಸುವುದಾಗಿಯೂ ಸದರಿ ರಸ್ತೆಗಳ ಗುಂಡಿಗಳನ್ನೆಲ್ಲ ಶೀಘ್ರವೇ ಮುಚ್ಚಿಸುವುದಾಗಿಯೂ ಅದರಲ್ಲಿತ್ತು. ಭಾವ ಅದನ್ನು ಅಕ್ಕನಿಗೆ ಎರಡು ಸಲ ಓದಿ ಹೇಳಿದರು. ಅಕ್ಕ ನನ್ನ ಮುಖ ನೋಡಿದಳು.

ಇನ್ನು ಸೇತುವೆಯ ಪ್ರಕರಣ. ನದಿಯಾಚೆ ಶಾಲಾ ಯೂನಿಫಾರ್ಮ್ ಹೊಲಿಯುವ ಶೆಡ್ಡೊಂದಿದೆ. ಸೋಮವಾರ ಶಾಲೆಗಳು ತೆರೆಯುವುದರಲ್ಲಿದ್ದವು. ಅದಕ್ಕೆ ಮೂರು ದಿನ ಮುಂಚೆ ಶೆಡ್ಡಿನ ಯಜಮಾನಿ ಫೋನು ಮಾಡಿ, ಮೂರು ಮಷಿನ್ ಒಟ್ಟಿಗೆ ನಿಂತಿವೆ, ನಾನ್ನೂರು ಮಕ್ಕಳ ಅಂಗಿಗೆ ತೋಳಿಲ್ಲ, ಬೇಗ ಬನ್ನಿ ಎಂದರು. ತಾವು ನಮ್ಮನ್ನು ಸೇತುವೆಯವರೆಗೆ ಚೆನ್ನಾಗಿಯೇ ಕರೆದೊಯ್ದಿರಿ. ಅಲ್ಲಿ ಅಡ್ಡಲಾಗಿ ಎರಡು ಡ್ರಮ್ಮುಗಳು, ಅವುಗಳ ಆಚೆ ಹತ್ತು ಮಾರು ಸೇತುವೆ, ಅದರಾಚೆ ಕುಸಿದುಹೋಗಿ ಬರೀ ಆಕಾಶ. ತಾವು ಮಾತ್ರ "ನೇರವಾಗಿ ಮುಂದುವರಿಯಿರಿ" ಎಂದಿರಿ. ನಾನು ಡ್ರಮ್ಮಿನ ಮುಂದೆ ನಿಂತೇ ಇದ್ದುದರಿಂದ ಇನ್ನೊಮ್ಮೆ, ಅಷ್ಟೇ ಸೌಜನ್ಯದಿಂದ, ಮುಂದುವರಿಯಿರಿ ಎಂದಿರಿ.

ದಾರಿ ಕೇಳಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. "ಕೆಳಗಡೆ ರಸ್ತೆ ಇದೆಯಲ್ಲಯ್ಯ," ಎಂದರು ಭಾವ. "ಹದಿನಾಲ್ಕನೇ ನಂಬರ್ ಬಸ್ಸಿನ ದಾರಿ. ಈ ಸೇತುವೆ ಕಟ್ಟೋಕೆ ಮುಂಚೆ ನಾವು ಅಲ್ಲೇ ಓಡಾಡ್ತಿದ್ದಿದ್ದು." ಅಕ್ಕನ ಎರಡನೆಯ ಅಪ್ಪಣೆ ನೆನಪಾದರೂ ಬೇರೆ ಗತಿಯಿರಲಿಲ್ಲ. ಇಳಿಜಾರಿನಲ್ಲಿ ಇಳಿದೆವು. ಇಟ್ಟಿಗೆ ಗೂಡು ಬರುತ್ತೆ ಎಂದರು, ಬಂತು. ರೈಲ್ವೆ ಗೇಟು ಎಂದರು, ಬಂತು. ಗೇಟು ದಾಟಿದ ಮೇಲೆ ತಗ್ಗಾದ ಹಳೇ ಕಲ್ಲುಸೇತುವೆ ಎಂದರು. ಅದೂ ಅಲ್ಲೇ ಇತ್ತು. ಎರಡು ವರ್ಷದ ಹಿಂದಿನದು ನೆನಪಿಲ್ಲದ ಮನುಷ್ಯನಿಗೆ ಮೂವತ್ತು ವರ್ಷದ ಹಿಂದಿನ ಪ್ರತಿ ಗುಂಡಿಯೂ ನೆನಪಿತ್ತು. ತಾವು ಒಂಬತ್ತು ಸಲ ವಾಪಸ್ ತಿರುಗಿ ಎಂದು ಹೇಳಿ ಆಮೇಲೆ ಸುಮ್ಮನಾದಿರಿ. ಬಟ್ಟೆ ಸರಿಸಿ ನೋಡಿದರೆ ತಮ್ಮ ಮುಖದಲ್ಲಿ ರಸ್ತೆಯೇ ಇಲ್ಲ, ನಮ್ಮ ವ್ಯಾನು ಹಸಿರು ಬಣ್ಣದ ನಡುವೆ ಒಂಟಿಯಾಗಿ ತೇಲುತ್ತಿತ್ತು.

ನದಿ ದಾಟಿ ಒಂದು ಮೈಲಿ ಹೋದಮೇಲೆ ಭಾವ ಬಾಗಿಲನ್ನು ಒಂದು ಸಲ ತಟ್ಟಿದರು. "ಲಾಸ್ಟ್ ಸ್ಟಾಪ್," ಎಂದು ಇಳಿದು ಹೊರಟೇಬಿಟ್ಟರು. ಹಿಂದೆ ಬಸ್ ಡಿಪೋ ಇದ್ದ ಆ ಜಾಗದಲ್ಲಿ ಈಗ ಇದ್ದದ್ದು ಒಂದು ಪೀಠೋಪಕರಣದ ಗೋದಾಮು. ಕಾವಲುಗಾರನ ಕಿಟಕಿಗೆ ಹೋಗಿ ರಿಜಿಸ್ಟರ್ ಎಳೆದುಕೊಂಡು ಬಸ್ಸಿನ ನಂಬರು, ಬಂದ ಸಮಯ, ನಾಲ್ಕು ನಿಮಿಷ ತಡ ಎಂದು ಬರೆದು ಸಹಿ ಹಾಕಿದರು. ಕಾವಲುಗಾರ ನನ್ನತ್ತ ನೋಡಿದ. ನಾನು ಕೈಸನ್ನೆ ಮಾಡಿದೆ. ಪುಣ್ಯಾತ್ಮ ರಿಜಿಸ್ಟರನ್ನು ಮಡಚಿ ಒಳಗಿಟ್ಟುಕೊಂಡ. ಭಾವ ಮೆಟ್ಟಿಲ ಮೇಲೆ ಕೂತು, "ವಾಪಸ್ ಟ್ರಿಪ್ಪಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ, ಕೂತ್ಕೋ," ಎಂದರು. ಯಜಮಾನಿಯ ಕರೆಗೆ ನನ್ನ ಜೇಬಿನ ಫೋನು ಮೂರು ಸಲ ಅದುರಿತು. ನಾನು ಕೂತೆ.

ಸ್ವಲ್ಪ ಹೊತ್ತಿಗೆ ಇಬ್ಬರು ಒಳಗಿನಿಂದ ದೊಡ್ಡ ಕಪಾಟೊಂದನ್ನು ಹೊತ್ತು ತಂದು ನಮ್ಮ ಪಕ್ಕದಲ್ಲೇ ಇಳಿಸಿ ದಣಿವಾರಿಸಿಕೊಂಡರು. ಭಾವ ಕಪಾಟನ್ನು ನೋಡಿದರು. ಮೇಲಿದ್ದ ಬೋರ್ಡನ್ನು ನಿಧಾನವಾಗಿ ಓದಿದರು. ಆಮೇಲೆ ನನ್ನ ಕಿವಿಯ ತಂತಿಯನ್ನು ನೋಡಿದರು.

"ನಿನ್ನ ಕಿವಿಗೇನೂ ಆಗಿಲ್ಲ, ಅಲ್ವಾ?"

ಇಲ್ಲ ಭಾವ ಎಂದೆ.

"ರಸ್ತೆ ಅಗೆದಿದ್ದು?"

ಅದೂ ಇಲ್ಲ ಎಂದೆ.

"ಯಾವಾಗಿಂದ ಗೊತ್ತು ನಿನಗೆ?"

ಹೋದ ವರ್ಷದಿಂದ ಎಂದೆ. ಅಕ್ಕನಿಗೆ ಎಂದು ಕೇಳಿದರು. ಅದಕ್ಕೂ ಮುಂಚೆಯಿಂದ ಎಂದೆ. ಭಾವ ಮಂಡಿಯ ಮೇಲೆ ಕೈಯೂರಿ, "ಹಂಗಾದ್ರೆ ಆ ಮುನ್ಸಿಪಾಲ್ಟಿಯವರು ಯಾವುದಕ್ಕೆ ಕ್ಷಮೆ ಕೇಳಿದ್ರು?" ಎಂದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ನೋಡಿದರೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡು, "ಆ ಬಟ್ಟೆ ತೆಗಿ. ಆ ಹುಡುಗೀಗೆ ಈ ದಾರಿ ಗೊತ್ತಿಲ್ಲ. ನನಗೆ ಗೊತ್ತಿರೋವಾಗ್ಲೇ ಹೇಳ್ಕೊಟ್ಟುಬಿಡೋಣ," ಎಂದರು.

ಮಷಿನ್‌ಗಳನ್ನು ಅಂದೇ ಸರಿ ಮಾಡಿದೆ, ಮಕ್ಕಳ ಅಂಗಿಗೆ ತೋಳು ಬಂತು. ಅಲ್ಲಿಂದ ಪ್ರತಿ ಭಾನುವಾರ ನಾವು ಭಾವನ ಹಳೆಯ ದಾರಿಗಳಲ್ಲಿ ಹೋಗಿ, ಒಂದೊಂದು ಸ್ಟಾಪಿನಲ್ಲೂ ನಿಂತು, ತಮ್ಮ ಮುಖವನ್ನು ಬೆರಳಿನಿಂದ ಒತ್ತಿ ಆ ಸ್ಟಾಪನ್ನು ತಮ್ಮಲ್ಲಿ ಉಳಿಸತೊಡಗಿದೆವು. ಹೆಸರಿಡುವುದು ಭಾವನ ಅಧಿಕಾರ. "ಮಕ್ಕಳನ್ನ ಎಣಿಸಿಕೊಂಡು ಇಳಿಯುವ ತಾಯಿ" ಎಂಬುದೊಂದು ಸ್ಟಾಪು. "ಟೋಪಿ ಮರೆತ ಮೇಷ್ಟ್ರು" ಇನ್ನೊಂದು. ಅಕ್ಕನೂ ಜೊತೆಗೆ ಬರತೊಡಗಿದಳು. ಕಾಲೇಜಿನ ಹಿಂಬದಿಯ ಸ್ಟಾಪಿಗೆ ಭಾವ "ನೀಲಿ ಕೊಡೆ" ಎಂದು ಹೆಸರಿಟ್ಟಾಗ, ನಾನು ಯಾರದೆಂದು ಕೇಳುವ ಮೊದಲೇ ಅಕ್ಕ ಹಿಂದಿನಿಂದ, "ಅದು ನೀಲಿ ಅಲ್ಲ, ಹಸಿರು," ಎಂದಳು. ಭಾವ ತಿದ್ದಲು ಒಪ್ಪಲಿಲ್ಲ.

ಹೀಗಿರುವಾಗ, ಮಾನ್ಯರೇ, ಹೋದ ಭಾನುವಾರ, ಇನ್ನೂರನೆಯ ಸ್ಟಾಪಿನ ನಂತರ ತಾವು ನಮಗೆ ತೋರಿಸಿದ್ದೇನು? "ನೆನಪು ತುಂಬಿದೆ. ಹೊಸದನ್ನು ಸೇರಿಸಲು ಹಳೆಯದನ್ನು ಅಳಿಸಿ." ಅಂತರಿಕ್ಷದವರೆಗೆ ಸಂಬಂಧ ಬೆಳೆಸಿಕೊಂಡಿರುವ ತಮ್ಮಂಥವರಿಗೆ ಇನ್ನೂರಕ್ಕೇ ಸಾಕಾಯಿತೆಂದರೆ ಯಾರು ನಂಬುತ್ತಾರೆ? ಭಾವ ಅದನ್ನು ಎರಡು ಸಲ ಓದಿ, "ಇವಳಿಗೂ ಶುರುವಾಯ್ತು," ಎಂದರು. ಆಮೇಲೆ, "ಆದ್ರೂ ಮರ್ಯಾದಸ್ಥಳು. ಯಾವುದನ್ನ ಅಳಿಸ್ಲಿ ಅಂತ ಕೇಳ್ತಾಳೆ. ನನ್ನನ್ನ ಯಾರೂ ಕೇಳ್ಲಿಲ್ಲ," ಎಂದರು. ಭಾವ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ನೋಡಿ, ನನ್ನ ನಲವತ್ತೊಂದು ಗಿರಾಕಿಗಳ ವಿಳಾಸವನ್ನು ಒಂದೊಂದಾಗಿ ಅಳಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ನಿನ್ನ ಗಿರಾಕಿಗಳು ಫೋನ್ ಮಾಡ್ತಾರೆ. ನನ್ನ ಪ್ಯಾಸೆಂಜರ್‌ಗಳು ಮಾಡಲ್ಲ."

ಆದ್ದರಿಂದ ಈ ವಾರವೆಲ್ಲ ಊರಿನ ಟೈಲರುಗಳು ಕೊರಳಿನ ಟೇಪು ಸಮೇತ ರಸ್ತೆಗೆ ಬಂದು ನನಗೆ ಕೈಬೀಸುತ್ತ ನಿಂತಿರುತ್ತಾರೆ. ದಯವಿಟ್ಟು ತಾವು ತಮ್ಮ ಸ್ಮರಣಶಕ್ತಿಯನ್ನು ಇನ್ನೊಂದು ಸಾವಿರ ಸ್ಟಾಪುಗಳಿಗಾದರೂ ಹಿಗ್ಗಿಸಿಕೊಳ್ಳಬೇಕು. ಅದಾಗದಿದ್ದರೆ, ಹಿಗ್ಗಿಸಿಕೊಳ್ಳುವುದು ಹೇಗೆಂದು ತಮ್ಮ ಪೈಕಿಯವರಿಗೆ ಗೊತ್ತಾದ ದಿನ ನಮ್ಮ ಮನೆಗೂ ಒಂದು ಮಾತು ತಿಳಿಸಬೇಕು. ಜೊತೆಗೆ, ವಾರಕ್ಕೊಂದು ಸಲ, ಅಪಾಯವಿಲ್ಲದ ಯಾವುದಾದರೂ ತಿರುವಿನಲ್ಲಿ, ಭಾವ ಪಕ್ಕದಲ್ಲಿರುವಾಗ, ದೊಡ್ಡ ಮನಸ್ಸು ಮಾಡಿ ತಾವು ತಪ್ಪು ಹೇಳಬೇಕು. ಅವರು ತಿದ್ದಿದಾಗ ಹೌದು ಎಂದರೆ ಸಾಕು, ಕ್ಷಮೆ ಕೇಳಬೇಕಾಗಿಲ್ಲ.

ಇಷ್ಟು ಹೇಳಿ, ಎಂಜಿನ್ ನಿಲ್ಲಿಸಿದ್ದೇನೆ.

ತಮ್ಮ ವಿಶ್ವಾಸಿ,
ಹೊಲಿಗೆ ಮಷಿನ್ ರಿಪೇರಿಯವನು
(ತಮ್ಮ ದಾಖಲೆಗಳ ಪ್ರಕಾರ, ಬಳಕೆದಾರ ೧)

ಮರೆತದ್ದು: ನಕ್ಷೆ ಹಳೆಯದಾಗಿದೆ, ಹೊಸದನ್ನು ಹಾಕಿಸಿಕೊಳ್ಳಿ ಎಂದು ತಾವು ದಿನಾ ಬೆಳಿಗ್ಗೆ ಒತ್ತಾಯ ಮಾಡುತ್ತಿದ್ದೀರಿ. ಹೊಸದು ಹಾಕಿದರೆ ಉಳಿಸಿಟ್ಟ ಸ್ಥಳಗಳು ಹೋಗಬಹುದೆಂದು ಅದರ ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ ಬರೆದಿರುವುದನ್ನು ಅಕ್ಕ ಕನ್ನಡಕ ಹಾಕಿಕೊಂಡು ಓದಿದ್ದಾಳೆ. ಈಗ ಅವಳೇ ದಿನಾ ವ್ಯಾನು ಹೊರಡುವ ಮುಂಚೆ ಬಂದು, ಸೆರಗಿನಿಂದ ತಮ್ಮ ಮುಖ ಒರೆಸಿ, "ಬೇಡ" ಎಂಬುದನ್ನು ಒತ್ತಿ ಹೋಗುತ್ತಾಳೆ. ಹೊಸ ಸೇತುವೆಗಳನ್ನು ತಾವು ಬೇರೆ ಯಾರಿಗಾದರೂ ತೋರಿಸಿಕೊಳ್ಳಿ.