ಐವತ್ತು ಗ್ರಾಂ ನೂಲುಧೂಳು

ಹರಿಹರದ ಹೊಳೆ ಪಕ್ಕದ ಆ ವಾರ್ಡಿನಲ್ಲಿ ಮನೆಗಳು ನಾನೂರ ಹನ್ನೆರಡು, ಬಟ್ಟೆ ಒಣಗಿಸುವ ಯಂತ್ರ ಒಂದು. ಆದ್ದರಿಂದಲೇ ‘ಗೃಹ ಡ್ರೈಯರ್ ಕೊಳವೆ ಶುಚಿತ್ವ ಅಭಿಯಾನ’ಕ್ಕೆ ಅದನ್ನು ಮಾದರಿ ವಾರ್ಡಾಗಿ ಆರಿಸಲಾಯಿತು. ಶೇಕಡಾ ನೂರರ ಗುರಿ ಮುಟ್ಟಲು ಇದಕ್ಕಿಂತ ಅನುಕೂಲದ ಜಾಗ ಇನ್ನೆಲ್ಲಿ ಸಿಕ್ಕೀತು?

ಆ ಒಂದು ಯಂತ್ರ ಸುಗ್ರಾಬಿಯದು. ಅವಳ ಗಂಡ ನಬೀ ಸಾಬ್ ಮಿಕ್ಸಿ, ವಾಷಿಂಗ್ ಮಷೀನ್ ರಿಪೇರಿಯವನು. ದಾವಣಗೆರೆಯ ಕರೂರು ಕಡೆ ಬಾಗಿಲು ಹಾಕಿದ ಲಾಂಡ್ರಿಯೊಂದರಿಂದ ಅದನ್ನು ತಂದು, ಬಿಚ್ಚಿ, ಮತ್ತೆ ಕಟ್ಟಿ, ಬಿಸಿಗಾಳಿ ಹೊರಹೋಗಲೆಂದು ಅಡುಗೆಮನೆಯ ಗೋಡೆ ಕೊರೆದು ಕೊಳವೆ ಕೂರಿಸಿದ್ದ. ಮಗಳು ನಿಖತ್ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇಪ್ಪತ್ತೆರಡು ದಿನ. ಹೊರಗೆ ಬಿಡದ ಜಡಿಮಳೆ, ಒಳಗೆ ಗೋಡೆ ಮುಟ್ಟಿದರೂ ಕೈ ಒದ್ದೆ, ಕೂಸಿಗೆ ದಿನಕ್ಕೆ ಹದಿನೆಂಟು ಬಟ್ಟೆ. ಸ್ವಲ್ಪ ಹಸಿ ಇದ್ದರೂ ಅದರ ತೊಡೆ ಕೆಂಪೇಳುತ್ತಿತ್ತು.

ಹೀಗಾಗಿ ಸುಗ್ರಾಬಿ ಆ ಕೊಳವೆಯನ್ನು ಮೊಮ್ಮಗಳಷ್ಟೇ ಜೋಪಾನ ಮಾಡುತ್ತಿದ್ದಳು. ದಿನಾ ಬೆಳಗ್ಗೆ ಉದ್ದ ಕಡ್ಡಿಗೆ ಹಳೇ ದುಪಟ್ಟಾ ಸುತ್ತಿ, ಒಳಗೆ ತಿರುವಿ, ಬಟ್ಟೆಯಿಂದ ಉದುರಿ ಅಂಟಿಕೊಂಡ ನವಿರು ಎಳೆಗಳನ್ನು ತೆಗೆಯುವಳು. ಥಂಡಿಗೆ ಅವು ಮೆತ್ತಿಕೊಂಡರೆ ಗಾಳಿ ಆಡುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಯಂತ್ರ ಕಾದು ಬೆಂಕಿಯೂ ಹತ್ತಬಹುದು ಎಂದು ನಬೀ ಸಾಬ್ ಹೇಳಿದ್ದ.

ಅಭಿಯಾನ ಕೇಂದ್ರದ ಅಭಿಪ್ರಾಯವೂ ಅದೇ ಆಗಿತ್ತು, ಸ್ವಲ್ಪ ಉದ್ದವಾಗಿ: “ಕೊಳವೆ ಶುಚಿಗೊಳಿಸಿದ್ದಕ್ಕೆ ಪುರಾವೆಯಾಗಿ, ಅದರಿಂದ ತೆಗೆದ ನೂಲುಧೂಳನ್ನು ಐವತ್ತು ಗ್ರಾಮಿಗೆ ಕಡಿಮೆಯಿಲ್ಲದಂತೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕೊಳವೆಗೆ ಮೊಹರು ಹಾಕತಕ್ಕದ್ದು. ಮನೆಯಲ್ಲಿ ಯಂತ್ರವಿಲ್ಲ ಎಂಬುದು ವಿನಾಯಿತಿಗೆ ಕಾರಣವಾಗತಕ್ಕದ್ದಲ್ಲ.”

ನಿರೀಕ್ಷಕ ಅರುಣ್ ಕುಮಾರ್ ಒಳ್ಳೆಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಬಂದ, ಕೂಸಿನ ಕೈಯಲ್ಲಿ ಹತ್ತು ರೂಪಾಯಿ ಇಟ್ಟ, ಚಹಾ ಕುಡಿದ, ಆಮೇಲೆ ತಕ್ಕಡಿ ತೆಗೆದ.

“ನಾಕೇ ಗ್ರಾಂ ಐತಲ್ರಮ್ಮ.”

“ದಿನಾ ತೆಗಿತೀನಿ ಸಾಬ್ರೆ. ಇದು ಇವತ್ತಿಂದು.”

“ನಿನ್ನೇದು ಎಲ್ಲೈತೆ?”

“ಒಲಿಗೆ ಹಾಕ್ದೆ.”

ಅರುಣ್ ಕುಮಾರನಿಗೆ ನಿಜಕ್ಕೂ ಬೇಜಾರಾಯಿತು. “ಪುರಾವೆ ಸುಟ್ಟುಬಿಟ್ರಲ್ರಿ!”

“ಕೊಳವಿ ಒಳಗ ಕೈ ಹಾಕಿ ನೋಡ್ರಿ ಬೇಕಾದ್ರೆ. ಕನ್ನಡಿ ಇದ್ದಂಗೈತೆ.”

“ನೋಡಾಕ ನನಗ ಆರ್ಡರ್ ಇಲ್ರಮ್ಮ. ತೂಕ ಮಾಡಾಕ ಅಷ್ಟೇ ಐತೆ. ಒಂದು ವಾರ ಟೈಮ್ ಕೊಡ್ತೀನಿ.”

ಪಕ್ಕದ ಮನೆಯ ಓಬವ್ವನಿಗೆ ಯಂತ್ರ ಹೋಗಲಿ, ಇಸ್ತ್ರಿಪೆಟ್ಟಿಗೆಯೂ ಇರಲಿಲ್ಲ. ಆದರೆ ಅರವತ್ತು ಗ್ರಾಂ ಕೊಟ್ಟು ಅವಳು ಆಗಲೇ ‘ಅತ್ಯುತ್ತಮ ಕೊಳವೆ’ ಪ್ರಮಾಣಪತ್ರ ಪಡೆದಿದ್ದಳು.

“ಎಲ್ಲಿಂದ ತಂದ್ರಿ ಓಬಕ್ಕ?”

“ಮಂಡಿಪೇಟ್ಯಾಗ ಪಾಕೀಟು ಸಿಗ್ತಾವು ಸುಗ್ರಾಬಿ. ಗಾದಿ ಹತ್ತಿಗಿಂತ ತುಟ್ಟಿ ಆಗೈತೆ ನೋಡು. ‘ಅಸಲಿ ಕೊಳವೆ ಧೂಳು’ ಅಂತ ಬೋರ್ಡೇ ಹಾಕ್ಯಾರ.”

“ಮಷೀನ್ ಮನ್ಯಾಗ ಇಟ್ಕಂಡು ಪ್ಯಾಟಿ ಕಸ ತರ್ಲೇನು? ನಂಗ ಬ್ಯಾಡ,” ಎಂದಳು ಸುಗ್ರಾಬಿ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

ಎಂಟನೇ ದಿನ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಅರಗು ಸುರಿದು ಮೊಹರು ಹಾಕಲಾಯಿತು. ಹತ್ತನೇ ದಿನಕ್ಕೆ ಕೂಸಿನ ತೊಡೆ ಕೆಂಪಾಯಿತು. ಅದು ಅತ್ತಿತು, ನಿಖತಳೂ ಅತ್ತಳು. ಹನ್ನೊಂದನೇ ದಿನ ಸುಗ್ರಾಬಿ ಸಿಟ್ಟು ನುಂಗಿಕೊಂಡು ದಾವಣಗೆರೆ ಬಸ್ಸು ಹತ್ತಿ, ಮಂಡಿಪೇಟೆಯ ಪಾಕೀಟು ತಂದು ಕೇಂದ್ರದ ಮೇಜಿನ ಮೇಲಿಟ್ಟಳು. ತೊಂಬತ್ತು ಗ್ರಾಂ ತೂಗಿತು.

“ಮಳ್ಯಾಗ ನೆಂದೈತೆ ಇದು,” ಎಂದ ಅರುಣ್ ಕುಮಾರ್. “ಮಂದಿ ನೀರು ಚಿಮುಕಿಸಿ ತರ್ತಾರಂತ ನಿನ್ನೆಯಷ್ಟೇ ತಿದ್ದುಪಡಿ ಬಂದೈತ್ರಮ್ಮ. ಒಣಗಿಸಿ ತರಬೇಕು.”

“ಮೊಹರು ತೆಗೀರಿ, ಈಗಲೇ ಒಣಗಿಸಿ ಕೊಡ್ತೀನಿ.”

“ಒಣಾ ಧೂಳು ಕೊಟ್ಟ ಮೇಲೇ ಮೊಹರು ತೆಗಿಯಾದು.”

ಕೇಂದ್ರ ಈ ತೊಡಕನ್ನು ಕಡೆಗಣಿಸಲಿಲ್ಲ. ಮಾದರಿಗಳನ್ನು ಒಣಗಿಸಲು ಸ್ವಂತ ಡ್ರೈಯರ್ ಖರೀದಿಸುವುದೆಂದೂ, ಟೆಂಡರಿಗೆ ಮೂರು ವರ್ಷ ಹಿಡಿಯುವುದೆಂದೂ, ಅಲ್ಲಿಯವರೆಗೆ ವಾರ್ಡಿನಲ್ಲಿ ಬಳಕೆಯಾಗದೆ ಬಿದ್ದಿರುವ ಯಂತ್ರವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಪಡೆಯುವುದೆಂದೂ ನಿರ್ಣಯಿಸಿತು. ಬಳಕೆಯಾಗದೆ ಬಿದ್ದಿದ್ದ ಯಂತ್ರ ಒಂದೇ ಇತ್ತು. ನಾಲ್ವರು ಬಂದು ಹೊತ್ತೊಯ್ದರು. ನಬೀ ಸಾಬ್ ಜೊತೆಗೇ ಹೋಗಿ ಅದನ್ನು ಕೂರಿಸಿ ಕೊಟ್ಟ, ಅವರ ಕೈಗೆ ಬಿಟ್ಟರೆ ಕೆಡಿಸಿಯಾರೆಂದು.

“ಸಾಬ್ರೆ, ಕೂಸಿನ ಬಟ್ಟಿ ಹೆಂಗೆ?” ಎಂದು ಸುಗ್ರಾಬಿ ಅರುಣ್ ಕುಮಾರನನ್ನು ಕೇಳಿದಳು.

“ಬಟ್ಟಿ ನಮ್ಮ ವ್ಯಾಪ್ತಿಗೆ ಬರಲ್ರಮ್ಮ. ಧೂಳು ತರ್ರಿ, ಎಷ್ಟಾದ್ರೂ ಒಣಗಿಸ್ತೀವಿ.”

ಮರುದಿನ ಬೆಳಗ್ಗೆ ಅವಳು ಕೇಂದ್ರಕ್ಕೆ ಹದಿನೆಂಟು ಒದ್ದೆ ಬಟ್ಟೆ ತಂದಳು. ಪ್ರತಿಯೊಂದರ ಮೂಲೆಗೂ ಒಂದು ಚಿಟಿಕೆ ಮಂಡಿಪೇಟೆ ಧೂಳು ಅಂಟಿಸಿದ್ದಳು. ಅರುಣ್ ಕುಮಾರ್ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಧೂಳನ್ನು ಬಟ್ಟೆಯಿಂದ ಬೇರ್ಪಡಿಸಿ ತರಬೇಕೆಂದು ಎಲ್ಲಿಯೂ ಇರಲಿಲ್ಲ. ‘ನೂಲುಧೂಳು, ಬಟ್ಟೆಸಮೇತ, ಎರಡೂವರೆ ಕೆಜಿ’ ಎಂದು ಬರೆದು ಠಸ್ಸೆ ಒತ್ತಿದ. ಮಧ್ಯಾಹ್ನಕ್ಕೆ ಬಟ್ಟೆ ಗರಿಗರಿಯಾಗಿ ಒಣಗಿ ಬಂದವು.

ನಾಲ್ಕು ದಿನದಲ್ಲಿ ಕೂಸಿನ ತೊಡೆಯ ಕೆಂಪು ಮಾಸಿತು. ಎರಡು ವಾರದಲ್ಲಿ ಇಡೀ ವಾರ್ಡು ಬಕೆಟ್ಟು ಹಿಡಿದು ಕೇಂದ್ರದ ಮುಂದೆ ಪಾಳಿ ನಿಂತಿತು. ತಿಂಗಳ ಕೊನೆಗೆ ಸಂಗ್ರಹವಾದ ನೂಲುಧೂಳು ಹದಿನಾಲ್ಕು ಕ್ವಿಂಟಲ್ ಎಂದು ವರದಿ ಹೋಯಿತು. ಇಷ್ಟು ಧೂಳು ತೆಗೆದ ವಾರ್ಡು ಬೇರೊಂದಿಲ್ಲವೆಂದು ಮೇಲಿನವರು ಮೆಚ್ಚಿ ಪತ್ರ ಬರೆದರು. ಸುಗ್ರಾಬಿಯ ಅಡುಗೆಮನೆಯ ಖಾಲಿ ತೂತಿಗೂ ಒಂದು ಪ್ರಮಾಣಪತ್ರ ಬಂತು.

ಅದರ ಮಾರನೇ ದಿನ ಪಾಳಿಯಲ್ಲಿ ಸುಗ್ರಾಬಿಯ ಹಿಂದೆ ನಿಂತ ಓಬವ್ವ, ಅವಸರದಲ್ಲಿ, ಗಂಡನ ಒದ್ದೆ ಲುಂಗಿಯನ್ನು ಹಾಗೇ ಹಿಡಿದು ಬಂದಿದ್ದಳು. ಧೂಳು ಹಚ್ಚಿರಲಿಲ್ಲ.

“ಅಯ್ಯ, ಇದೇನ್ ಓಬಕ್ಕ?” ಸುಗ್ರಾಬಿ ಕೂಸನ್ನು ಭುಜಕ್ಕೆ ಹಾಕಿಕೊಂಡು, ಸೆರಗಿನ ಗಂಟಿನಿಂದ ಒಂದು ಚಿಟಿಕೆ ಧೂಳು ತೆಗೆದು ಲುಂಗಿಗೆ ಮೆತ್ತಿದಳು. ಮುಖದಲ್ಲಿ ನಿಜವಾದ ಅಸಮಾಧಾನವಿತ್ತು. “ಇಷ್ಟೂ ತಿಳಿಯಲ್ಲೇನು? ಸರ್ಕಾರದ ಮಷೀನು ಬರೇ ಬಟ್ಟಿ ಒಣಗ್ಸಾಕ ಇಟ್ಟಾರೇನು?”